ಆಕಾಶವಾಣಿ, ಫ್ರೀ ಡಿಶ್, ಡಿಟಿಎಚ್, ಆ್ಯಪ್: ಕೊಡಗಿನ ಮನೆಗೆ ಯಾವುದು?

ಕಳೆದ ಮೇ ತಿಂಗಳಲ್ಲಿ ಮರ ಕಪಾತಿಗೆ ಬಂದವರಿಗೆ ಅಂಗಳದ ಅಂಚಿನ ಸಿಲ್ವರ್ ಓಕ್ ತೋರಿಸಿದೆ. 'ಇದರ ಈ ಕಡೆ ಕೊಂಬೆಗಳನ್ನೂ ತೆಗೀರಿ' ಎಂದೆ. ಅವರಲ್ಲಿ ಒಬ್ಬ ಕೆಳಗೆ ನೋಡಿ, 'ಇಲ್ಲಿ ಕಾಫಿ ಗಿಡವೇ ಇಲ್ವಲ್ಲ ಅಣ್ಣಾ' ಎಂದ. ಗಿಡಕ್ಕೆ ಬಿಸಿಲು ಬೀಳಲಿ ಅಂತ ಅಲ್ಲ ಮಾರಾಯ, ಡಿಶ್‌ಗೆ ಸಿಗ್ನಲ್ ಬೀಳಲಿ ಅಂತ. ನಗುತ್ತಲೇ ಮರ ಹತ್ತಿದ.

ಪ್ರತಿ ಮಳೆಗಾಲಕ್ಕೆ ಮುಂಚೆ ನಮ್ಮ ಮನೆಯಲ್ಲಿ ಇದೇ ಚರ್ಚೆ. ಬೆಂಗಳೂರಿನಲ್ಲಿರುವ ಮಗಳು ಫೋನ್ ಮಾಡಿ, 'ಡಿಶ್ ಎಲ್ಲ ಯಾಕಪ್ಪ, ಆ್ಯಪ್‌ನಲ್ಲೇ ಎಲ್ಲಾ ಬರುತ್ತೆ' ಅನ್ನುತ್ತಾಳೆ. ಅಮ್ಮ ರೇಡಿಯೊ ಬಿಡುವುದಿಲ್ಲ. ನನಗೆ ಕ್ರಿಕೆಟ್ ಬೇಕು. ಈ ಸಲ ತಂಗಿ ಹೊಸ ಮನೆ ಕಟ್ಟಿ, ಏನು ಹಾಕಿಸಲಿ ಎಂದು ಕೇಳಿದಳು. ಅವಳಿಗೆ ಹೇಳಿದ್ದನ್ನೇ ಇಲ್ಲಿ ಸ್ವಲ್ಪ ಬಿಡಿಸಿ ಬರೆಯುತ್ತಿದ್ದೇನೆ.

ನಾವು ಆರಿಸುವ ಮುಂಚೆಯೇ ಸರ್ಕಾರ ಆರಿಸಿರುತ್ತದೆ. ನಮ್ಮ ಕಡೆ ಹಳೆಯ ಮನೆಗಳ ಹೆಂಚಿನ ಮೇಲೆ ಮೀನಿನ ಮುಳ್ಳಿನಂಥ ಆಂಟೆನಾ ಇನ್ನೂ ಕೆಲವು ಕಡೆ ನಿಂತಿದೆ, ಅಲ್ವಾ? ಅದಕ್ಕೆ ತುಕ್ಕು ಹಿಡಿದಿದ್ದು ಆಮೇಲೆ. ಅದು ಕೆಲಸಕ್ಕೆ ಬಾರದಂತಾಗಿದ್ದು ದಿಲ್ಲಿಯ ತೀರ್ಮಾನದಿಂದ. ದೂರದರ್ಶನ ತನ್ನ ಹಳೆಯ ಅನಲಾಗ್ ಟಿವಿ ಟ್ರಾನ್ಸ್‌ಮಿಟರ್‌ಗಳನ್ನು ಹಂತ ಹಂತವಾಗಿ ಮುಚ್ಚುತ್ತಾ ಬಂತು. 2022ರ ಮಾರ್ಚ್ ಹೊತ್ತಿಗೆ ಬಹುತೇಕ ಎಲ್ಲವೂ ಬಂದ್ ಆದವು. ಆಂಟೆನಾ ಕಾಗೆ ಕೂರುವ ಕೋಲಾಯಿತು. ಹಾಗಾಗಿ ಇವತ್ತು ಯಾವುದು ಚೆನ್ನಾಗಿದೆ ಎಂದು ಕೇಳಿದರೆ ಸಾಲದು. ಸರ್ಕಾರದ ದುಡ್ಡು ಯಾವ ಕಡೆ ಹರಿಯುತ್ತಿದೆ ಎಂದೂ ನೋಡಬೇಕು.

ನನ್ನ ಮೊದಲ ಪ್ರಶ್ನೆ ಮಾತ್ರ ಬೇರೆ. ಜುಲೈ ತಿಂಗಳು, ಕರೆಂಟ್ ಹೋಗಿ ಮೂರನೇ ರಾತ್ರಿ, ಹೊರಗೆ ಧೋ ಎಂದು ಮಳೆ. ಆಗ ಇದು ಮಾತಾಡುತ್ತದಾ? ತಿಂಗಳ ಖರ್ಚು, ನಮ್ಮ ಭಾಷೆ, ಇನ್ನೈದು ವರ್ಷ ಬಾಳುತ್ತದಾ ಅನ್ನುವುದೆಲ್ಲ ಆಮೇಲೆ.

ರೇಡಿಯೊ: 103.1

ಮಡಿಕೇರಿ ಆಕಾಶವಾಣಿ ಎಫ್‌ಎಂ 103.1 ಮೆಗಾಹರ್ಟ್ಸ್‌ನಲ್ಲಿ ಬರುತ್ತದೆ. ಕೊಡಗಿನವರಿಗೆ ಇದನ್ನು ಹೇಳಬೇಕಾಗಿಲ್ಲ. ಆದರೆ ಅದು ಯಾಕೆ ಮಳೆಗೆ ಹೆದರುವುದಿಲ್ಲ ಅನ್ನುವುದು ಹಲವರಿಗೆ ಗೊತ್ತಿಲ್ಲ. ಎಫ್‌ಎಂ ಅಲೆಯ ಉದ್ದ ಸುಮಾರು 3 ಮೀಟರ್. ಅಷ್ಟು ದೊಡ್ಡ ಅಲೆಗೆ ಮಳೆ ಹನಿ ಲೆಕ್ಕಕ್ಕೇ ಇಲ್ಲ. ಡಿಶ್‌ಗೆ ಬರುವ ಅಲೆಯ ಉದ್ದ ಎರಡೂವರೆ ಸೆಂಟಿಮೀಟರ್ ಆಸುಪಾಸು. ಅದನ್ನು ಜಡಿಮಳೆ ಕುಡಿದುಬಿಡುತ್ತದೆ. ಹೊರಗೆ ಕತ್ತಲೆ ಕವಿದ ಮಧ್ಯಾಹ್ನ ಟಿವಿ ಚೌಕ ಚೌಕವಾಗಿ ಒಡೆದು ನಿಂತರೂ ರೇಡಿಯೊ ಹಾಡುತ್ತಿರುವುದು ಇದೇ ಕಾರಣಕ್ಕೆ.

ಎಫ್‌ಎಂಗೆ ಶತ್ರು ಮಳೆಯಲ್ಲ, ಗುಡ್ಡ. ಟ್ರಾನ್ಸ್‌ಮಿಟರ್‌ಗೂ ನಿಮಗೂ ನಡುವೆ ಬೆಟ್ಟ ಅಡ್ಡ ಬಂದರೆ ಗೊರಗೊರ ಶುರು. ಒಂದೇ ಊರಿನಲ್ಲಿ ಮೇಲಿನ ಮನೆಗೆ ಸ್ಪಷ್ಟ, ಗದ್ದೆ ಬದಿಯ ಮನೆಗೆ ಇಲ್ಲ. ಒಂದೇ ಮನೆಯಲ್ಲಿ ಒಂದು ಕಿಟಕಿಗೆ ಸಿಗುತ್ತದೆ, ಇನ್ನೊಂದಕ್ಕೆ ಇಲ್ಲ. ಅದಕ್ಕೇ ಹೇಳುವುದು, ರೇಡಿಯೊ ಕೊಳ್ಳುವ ಮುಂಚೆ ಪಕ್ಕದ ಮನೆಯದ್ದನ್ನು ತಂದು ಕೋಣೆ ಕೋಣೆಗೆ ಹಿಡಿದು ನೋಡಿ. ಜಿಲ್ಲೆಯ ಅಂಚಿನವರಿಗೆ ಇನ್ನೊಂದು ಮಜಾ ಇದೆ. ಕುಶಾಲನಗರ ಕಡೆ ಮೈಸೂರಿನ 100.6, ಸಂಪಾಜೆ ಇಳಿದರೆ ಮಂಗಳೂರಿನ 100.3, ಮಾಕುಟ್ಟ ಕಡೆ ಕಣ್ಣೂರಿನ 101.5 ಸಿಗುವುದುಂಟು.

ಸಿಗ್ನಲ್ ಕಡಿಮೆ ಇದ್ದರೆ ದೊಡ್ಡ ಖರ್ಚು ಬೇಡ. 103.1ಕ್ಕೆ ಸರಿಹೊಂದುವ ಕಾಲು ಅಲೆಯ ಉದ್ದ ಹತ್ತಿರಹತ್ತಿರ 73 ಸೆಂಟಿಮೀಟರ್. ಅಷ್ಟುದ್ದದ ತಂತಿಯನ್ನು ರೇಡಿಯೊದ ಕಡ್ಡಿಗೆ ಸಿಕ್ಕಿಸಿ ಕಿಟಕಿಯ ಹೊರಗೆ ಬಿಟ್ಟರೆ ಎಷ್ಟೋ ಸಲ ಕೆಲಸ ಮುಗಿಯುತ್ತದೆ. ಸಿಡಿಲಿನ ಹೊತ್ತಿಗೆ ಮಾತ್ರ ಒಳಗೆ ಎಳೆದುಕೊಳ್ಳಿ. ಕೊಳ್ಳುವಾಗ ಶೆಲ್ ಹಾಕುವ ರೇಡಿಯೊವನ್ನೇ ಕೊಳ್ಳಿ. ಚಾರ್ಜ್ ಮಾಡುವಂಥದ್ದು ಮಾತ್ರ ತಗೊಂಡರೆ ಕರೆಂಟ್ ಇಲ್ಲದ ವಾರದಲ್ಲಿ ಅದೂ ಮಲಗುತ್ತದೆ. ಎರಡೂ ಇರುವಂಥದ್ದು ಸಿಕ್ಕರೆ ಇನ್ನೂ ಒಳ್ಳೆಯದು.

ಮೊಬೈಲ್‌ನಲ್ಲೇ ಎಫ್‌ಎಂ ಇದೆಯಲ್ಲ ಎನ್ನುತ್ತೀರಾ? ಇದ್ದರೆ ಅದೃಷ್ಟ. ಡೇಟಾ ಬೇಡ, ಟವರ್ ಬೇಡ, ತಂತಿಯ ಇಯರ್‌ಫೋನ್ ಸಿಕ್ಕಿಸಿದರೆ ಅದೇ ಆಂಟೆನಾ. ಆದರೆ ಈಗಿನ ಎಷ್ಟೋ ಫೋನ್‌ಗಳಲ್ಲಿ ಇಯರ್‌ಫೋನ್ ತೂತೇ ಇಲ್ಲ, ಎಫ್‌ಎಂ ಕೂಡ ಇಲ್ಲ. 2023ರಲ್ಲಿ ಕೇಂದ್ರ ಸರ್ಕಾರ ಫೋನ್ ತಯಾರಿಸುವವರಿಗೆ ಎಫ್‌ಎಂ ಸೌಲಭ್ಯ ಕೊಡಿ ಎಂದು ಸಲಹೆ ಕಳಿಸಿತು. ಸಲಹೆ ಸಲಹೆಯೇ, ಕಾನೂನಲ್ಲ. ಅಂಗಡಿಯಲ್ಲಿ ಪೆಟ್ಟಿಗೆ ತೆರೆಸಿ ನೀವೇ ನೋಡಿಕೊಳ್ಳಿ.

ಭಾಷೆಯ ವಿಷಯಕ್ಕೆ ಬಂದರೆ ರೇಡಿಯೊಗೆ ಎದುರಾಳಿ ಇಲ್ಲ. 2011ರ ಜನಗಣತಿಯ ಪ್ರಕಾರ ಕೊಡವ ತಕ್ಕ್ ತಾಯಿನುಡಿ ಎಂದು ಬರೆಸಿದವರು 1,13,857 ಜನ. ಜಿಲ್ಲೆಯ ಒಟ್ಟು ಜನ 5,54,519. ಇಷ್ಟು ಚಿಕ್ಕ ಲೆಕ್ಕಕ್ಕೆ ಯಾವ ಖಾಸಗಿ ಉಪಗ್ರಹ ಚಾನೆಲ್ ಬರುತ್ತದೆ ಹೇಳಿ? ಜಾಹೀರಾತು ಕೊಡುವವನು ತಲೆ ಎಣಿಸುತ್ತಾನೆ. ಕೊಡವ ತಕ್ಕ್‌ನಲ್ಲಿ, ಅರೆಭಾಷೆಯಲ್ಲಿ ದಿನಬಳಕೆಯ ಮಾತು ಗಾಳಿಯಲ್ಲಿ ಕೇಳಿಸುತ್ತಿರುವುದು ಮಡಿಕೇರಿಯ ನಿಲಯದಿಂದ. ಯುನೆಸ್ಕೊ ಕೊಡವ ಭಾಷೆಯನ್ನು ಅಳಿವಿನ ಅಪಾಯದ ಪಟ್ಟಿಯಲ್ಲಿ ಇಟ್ಟಿದೆ. ಲಾಭದ ಲೆಕ್ಕ ಹಾಕದ ಪ್ರಸಾರ ಯಾಕೆ ಬೇಕು ಎಂದು ಯಾರಾದರೂ ಕೇಳಿದರೆ ನಾನು ಮೊದಲು ಹೇಳುವುದು ಇದನ್ನೇ.

ಹಾಗಂತ ಬರೀ ಹೊಗಳಿಕೆ ಬೇಡ. ಆಕಾಶವಾಣಿಯ ವಾರ್ತೆ ಸರ್ಕಾರವನ್ನು ಕುಟುಕುವುದು ಅಪರೂಪ. ಮಂತ್ರಿಗಳು ಹೇಳಿದ್ದು ಪೂರ್ತಿ ಬರುತ್ತದೆ, ಅದಕ್ಕೆ ಎದುರು ಮಾತು ಎರಡು ಸಾಲಿನಲ್ಲಿ ಮುಗಿಯುತ್ತದೆ. ಸರ್ಕಾರದ ತಪ್ಪು ಹುಡುಕಲು ಪೇಪರ್ ಓದಿ. ಮಳೆ ಎಷ್ಟು, ಯಾವ ರಸ್ತೆ ಬಂದ್, ಶಾಲೆಗೆ ರಜೆಯಾ ಎಂದು ತಿಳಿಯಲು ರೇಡಿಯೊ ಹಾಕಿ. ನಾನು ಮಾಡುವುದು ಹೀಗೆ.

2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲ ಕಡೆ ಗುಡ್ಡ ಜಾರಿದಾಗ ರಸ್ತೆ ಹೋಯಿತು, ಕರೆಂಟ್ ಹೋಯಿತು, ಎಷ್ಟೋ ಕಡೆ ಫೋನೂ ಸತ್ತಿತು. ಟವರ್‌ಗೂ ಕರೆಂಟ್ ಬೇಕಲ್ಲ. ಜನರೇಟರ್‌ಗೆ ಡೀಸೆಲ್ ಮುಗಿದರೆ, ಡೀಸೆಲ್ ಹೊತ್ತು ತರುವ ರಸ್ತೆಯೇ ಇಲ್ಲದಿದ್ದರೆ, ಜೇಬಿನಲ್ಲಿರುವ ದುಬಾರಿ ಫೋನ್ ಬರೀ ಟಾರ್ಚ್. ಆ ವಾರದ ನಂತರ ನಮ್ಮ ಮನೆಯಲ್ಲಿ ಶೆಲ್ ಮುಗಿದು ಹೋಗಲು ಅಮ್ಮ ಬಿಟ್ಟಿಲ್ಲ.

ಫ್ರೀ ಡಿಶ್: ತಿಂಗಳ ಬಿಲ್ ಇಲ್ಲದ ಟಿವಿ

ಆಕಾಶವಾಣಿ, ದೂರದರ್ಶನ ಎರಡನ್ನೂ ನಡೆಸುವ ಪ್ರಸಾರ ಭಾರತಿ 2004ರ ಡಿಸೆಂಬರ್‌ನಲ್ಲಿ ಡಿಡಿ ಡೈರೆಕ್ಟ್ ಪ್ಲಸ್ ಎಂದು ಶುರು ಮಾಡಿದ್ದು ಇದೇ. ಆಗ ಇದ್ದಿದ್ದು 33 ಚಾನೆಲ್. ಈಗ ಹೆಸರು ಡಿಡಿ ಫ್ರೀ ಡಿಶ್, ದೇಶದಲ್ಲಿ 4 ಕೋಟಿಗೂ ಹೆಚ್ಚು ಮನೆಗಳಲ್ಲಿ ಇದೆ ಎಂಬ ಅಂದಾಜು. ಒಂದು ಸಲ ಡಿಶ್, ಬಾಕ್ಸ್, ತಂತಿ, ಕೂಲಿ ಎಲ್ಲ ಸೇರಿ ನನಗೆ ಎರಡು ಸಾವಿರದ ಆಸುಪಾಸು ಬಿತ್ತು. ಆಮೇಲೆ ರೀಚಾರ್ಜ್ ಅನ್ನುವ ಮಾತೇ ಇಲ್ಲ.

ಇದು ಹೇಗೆ ನಡೆಯುತ್ತದೆ ಗೊತ್ತಾ? ಖಾಸಗಿ ಚಾನೆಲ್‌ಗಳು ಹರಾಜಿನಲ್ಲಿ ಜಾಗ ಕೊಳ್ಳುತ್ತವೆ. ಅಂದರೆ ನೋಡುವವರ ಬದಲು ತೋರಿಸುವವರು ದುಡ್ಡು ಕೊಡುತ್ತಾರೆ. ಜಾಣ ಲೆಕ್ಕ. ಆದರೆ ಅದರಲ್ಲೇ ಕನ್ನಡದವರಿಗೆ ಒಂದು ಏಟೂ ಇದೆ. ಹರಾಜಿಗೆ ಜಾಸ್ತಿ ಬರುವವರು ಹಿಂದಿಯವರು. ನಮಗೆ ಗ್ಯಾರಂಟಿಯಾಗಿ ಸಿಗುವುದು ಡಿಡಿ ಚಂದನ. ಖಾಸಗಿ ಕನ್ನಡ ಚಾನೆಲ್‌ಗಳ ಪಟ್ಟಿ ಹರಾಜಿನ ಜೊತೆ ಬದಲಾಗುತ್ತಲೇ ಇರುತ್ತದೆ, ದೊಡ್ಡ ಧಾರಾವಾಹಿ ಚಾನೆಲ್‌ಗಳನ್ನು ನಂಬಿಕೊಂಡು ಹಾಕಿಸಬೇಡಿ. ತಂಗಿಗೆ ಇದನ್ನು ಎರಡು ಸಲ ಹೇಳಿದೆ, ಯಾಕೆಂದರೆ ಅವಳ ಅತ್ತೆಗೆ ಸಂಜೆ ಧಾರಾವಾಹಿ ಇಲ್ಲದೆ ಆಗುವುದಿಲ್ಲ.

ಇನ್ನು ಕ್ರಿಕೆಟ್. ಇಲ್ಲಿ ಫ್ರೀ ಡಿಶ್‌ಗೆ ಒಂದು ವಿಶೇಷ ಹಕ್ಕು ಇದೆ. 2007ರ ಕಾನೂನಿನ ಪ್ರಕಾರ ರಾಷ್ಟ್ರೀಯ ಮಹತ್ವದ್ದು ಎಂದು ಸರ್ಕಾರ ಗುರುತಿಸಿದ ಪಂದ್ಯಗಳ ಸಿಗ್ನಲ್ ಅನ್ನು ಖಾಸಗಿ ಚಾನೆಲ್ ಪ್ರಸಾರ ಭಾರತಿಗೂ ಕೊಡಬೇಕು. ಆದರೆ 2017ರಲ್ಲಿ ಸುಪ್ರೀಂ ಕೋರ್ಟ್, ಹಾಗೆ ಸಿಕ್ಕ ಪಂದ್ಯವನ್ನು ದೂರದರ್ಶನ ತನ್ನ ಸ್ವಂತ ದಾರಿಯಲ್ಲಿ ಮಾತ್ರ ತೋರಿಸಬೇಕು, ಖಾಸಗಿ ಕೇಬಲ್ ಮತ್ತು ಡಿಟಿಎಚ್ ಮೂಲಕ ಅಲ್ಲ ಎಂದಿತು. ಪಕ್ಕದ ಮನೆಯ ಫ್ರೀ ಡಿಶ್‌ನಲ್ಲಿ ಡಿಡಿ ಸ್ಪೋರ್ಟ್ಸ್ ಮ್ಯಾಚ್ ತೋರಿಸುತ್ತಿರುವಾಗ ದುಡ್ಡು ಕೊಟ್ಟ ನಿಮ್ಮ ಡಿಟಿಎಚ್‌ನಲ್ಲಿ ಅದೇ ಚಾನೆಲ್ ಬೇರೇನೋ ತೋರಿಸುವುದು ಇದರಿಂದಲೇ. ಬಾಕ್ಸ್ ಕೆಟ್ಟಿದೆ ಎಂದು ಮೆಕ್ಯಾನಿಕ್‌ಗೆ ಫೋನ್ ಮಾಡಬೇಡಿ.

ಹಾಕಿಸುವಾಗ ದಿಕ್ಕು ನೋಡಿ. ಫ್ರೀ ಡಿಶ್ ಉಪಗ್ರಹ ಜಿಸ್ಯಾಟ್-15, ಪೂರ್ವ ರೇಖಾಂಶ 93.5 ಡಿಗ್ರಿಯಲ್ಲಿದೆ. ಕೊಡಗಿನಿಂದ ನೋಡಿದರೆ ಅದು ಆಗ್ನೇಯಕ್ಕೆ, ದಿಗಂತದಿಂದ ಸುಮಾರು 65 ಡಿಗ್ರಿ ಮೇಲೆ. ಆಗ್ನೇಯ ಎಂದರೆ ವಾಸ್ತು ನೋಡಿ ಕಟ್ಟಿದ ಮನೆಯಲ್ಲಿ ಅಡುಗೆಮನೆ ಇರುವ ಮೂಲೆ. ಇಷ್ಟು ಎತ್ತರದಲ್ಲಿ ಇರುವುದರಿಂದ ಎದುರು ಗುಡ್ಡ ಅಡ್ಡ ಬರುವುದು ಕಡಿಮೆ. ಅಡ್ಡ ಬರುವುದು ನಮ್ಮ ತೋಟದ ಮರಗಳೇ. ಬೇಸಿಗೆಯಲ್ಲಿ ಚೆನ್ನಾಗಿ ಬರುತ್ತಿದ್ದ ಸಿಗ್ನಲ್ ಮಳೆಗಾಲದಲ್ಲಿ ಹೋದರೆ ಬರೀ ಮೋಡವನ್ನು ಬೈಯಬೇಡಿ. ಹೊಸ ಚಿಗುರು, ನೆನೆದು ಭಾರವಾದ ಎಲೆಗಳೂ ಸಿಗ್ನಲ್ ಕುಡಿಯುತ್ತವೆ. ಕಪಾತಿನ ಜೊತೆಗೇ ಆ ಕೆಲಸ ಮುಗಿಸಿ. ಡಿಶ್ ಸ್ವಲ್ಪ ದೊಡ್ಡದು ಹಾಕಿಸಿ, ಸಣ್ಣ ಮಳೆಗೆಲ್ಲ ಹೋಗುವುದಿಲ್ಲ. ಬಾಕ್ಸ್ ಎಂಪೆಗ್-4 ಎಂಬ ಹೊಸ ನಮೂನೆಯದ್ದೇ ಇರಲಿ. ಹಳೆಯ ಎಂಪೆಗ್-2 ಬಾಕ್ಸ್ ಅಗ್ಗಕ್ಕೆ ಸಿಗುತ್ತದೆ, ಆದರೆ ಚಾನೆಲ್ ಕಡಿಮೆ. ಶಾಲಾ ಮಕ್ಕಳಿಗೆ ಪಿಎಂ ಇ-ವಿದ್ಯಾ ಚಾನೆಲ್‌ಗಳೂ ಬೇಕು ಎಂದರೆ ಎಂಪೆಗ್-4 ಬೇಕೇ ಬೇಕು. ಆಕಾಶವಾಣಿಯ 40ಕ್ಕೂ ಹೆಚ್ಚು ರೇಡಿಯೊ ವಾಹಿನಿಗಳೂ ಇದರಲ್ಲಿ ಬರುತ್ತವೆ, ಜನ ಅದನ್ನು ಗಮನಿಸುವುದೇ ಇಲ್ಲ.

ನನ್ನ ಮೊದಲ ಪ್ರಶ್ನೆಗೆ ಫ್ರೀ ಡಿಶ್ ಉತ್ತರ ಏನು? ಫೇಲ್. ಜಡಿಮಳೆಗೂ ಫೇಲ್, ಕರೆಂಟ್ ಇಲ್ಲದಿದ್ದರೂ ಫೇಲ್. ಆದರೆ ವರ್ಷದ ಉಳಿದ ದಿನಗಳಿಗೆ ದುಡ್ಡಿಲ್ಲದೆ ಟಿವಿ.

ಖಾಸಗಿ ಡಿಟಿಎಚ್ ಮತ್ತು ಕೇಬಲ್

ಇದರ ಬಗ್ಗೆ ಜಾಸ್ತಿ ಬರೆಯುವುದಿಲ್ಲ. ಕನ್ನಡ ಧಾರಾವಾಹಿ, ಸಿನಿಮಾ, ಎಲ್ಲ ಸುದ್ದಿ ಚಾನೆಲ್ ಬೇಕು ಎಂದರೆ ಇದೇ ದಾರಿ. ಮಳೆಗೆ ಡಿಟಿಎಚ್ ಕೂಡ ಫ್ರೀ ಡಿಶ್‌ನಷ್ಟೇ ಹೆದರುತ್ತದೆ, ದುಡ್ಡು ಕೊಟ್ಟ ಮಾತ್ರಕ್ಕೆ ಮೋಡ ಸರಿಯುವುದಿಲ್ಲ. ಒಂದು ವರ್ಷ ನಾನು ಇಡೀ ವರ್ಷದ ಪ್ಯಾಕ್ ಒಟ್ಟಿಗೆ ಹಾಕಿಸಿದ್ದೆ. ಆಗಸ್ಟ್‌ನಲ್ಲಿ ಹನ್ನೆರಡು ದಿನ ಪರದೆ ನೀಲಿ. ಕಸ್ಟಮರ್ ಕೇರ್‌ನವರು ಬಾಕ್ಸ್ ಆಫ್ ಮಾಡಿ ಆನ್ ಮಾಡಿ ಎಂದರು. ಕರೆಂಟೇ ಇಲ್ಲ ಎಂದೆ. ಹಾಗಾದರೆ ಕರೆಂಟ್ ಬಂದ ಮೇಲೆ ಆಫ್ ಮಾಡಿ ಆನ್ ಮಾಡಿ ಎಂದರು. ಆ ಹನ್ನೆರಡು ದಿನ ವಾಪಸ್ ಬರಲಿಲ್ಲ. ಅಂದಿನಿಂದ ಮಳೆಗಾಲಕ್ಕೆ ತಿಂಗಳ ರೀಚಾರ್ಜ್ ಮಾತ್ರ.

ಖರ್ಚಿನ ವಿಷಯದಲ್ಲಿ ಒಂದು ಬದಲಾವಣೆ ಗಮನಿಸಿ. ಚಾನೆಲ್ ಬೆಲೆ ಬಿಟ್ಟು ಆಪರೇಟರ್ ವಸೂಲಿ ಮಾಡುವ ನೆಟ್‌ವರ್ಕ್ ಶುಲ್ಕಕ್ಕೆ ಮುಂಚೆ ಟ್ರಾಯ್, ಅಂದರೆ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ, ಮಿತಿ ಹಾಕಿತ್ತು, ತೆರಿಗೆ ಬಿಟ್ಟು 130 ರೂಪಾಯಿ. 2024ರ ಜುಲೈನಲ್ಲಿ ಆ ಮಿತಿಯನ್ನು ತೆಗೆಯಿತು. ಈಗ ಆಪರೇಟರ್ ಹೇಳಿದ್ದೇ ರೇಟು, ಹಾಗಾಗಿ ಇಬ್ಬರು ಮೂವರನ್ನು ಕೇಳಿಯೇ ಹಾಕಿಸಿ.

ಪೇಟೆಯಲ್ಲಿ ಕೇಬಲ್ ಇದ್ದರೆ ನಾನು ಡಿಟಿಎಚ್‌ಗಿಂತ ಅದನ್ನೇ ಆರಿಸುತ್ತೇನೆ. ಜಿಲ್ಲೆಯ ಲೋಕಲ್ ಚಾನೆಲ್ ಸುದ್ದಿ ಕೇಬಲ್‌ನಲ್ಲೇ ಬರುವುದು. ನಾಪೋಕ್ಲಿನಲ್ಲಿ ಹೊಳೆ ಏರಿದ್ದು ರಾಜ್ಯದ ಚಾನೆಲ್‌ಗೆ ಅರ್ಧ ನಿಮಿಷದ ಸುದ್ದಿ, ಲೋಕಲ್ ಚಾನೆಲ್‌ಗೆ ಅದೇ ಇಡೀ ಸಂಜೆ. ತೋಟದ ಒಳಗಿನ ಮನೆಗೆ ಮಾತ್ರ ಕೇಬಲ್ ಎಳೆದು ಉಪಯೋಗವಿಲ್ಲ. ಮೊದಲ ಮರ ಬಿದ್ದಾಗ ಅದೂ ಬೀಳುತ್ತದೆ.

ಇನ್ನೊಂದು ನಿಯಮದ ಕಥೆ ಕೇಳಿ. 2022ರ ಮಾರ್ಗಸೂಚಿಯ ಪ್ರಕಾರ ಖಾಸಗಿ ಚಾನೆಲ್‌ಗಳೂ ದಿನಕ್ಕೆ 30 ನಿಮಿಷ ಸಾರ್ವಜನಿಕ ಹಿತದ ಕಾರ್ಯಕ್ರಮ ಹಾಕಬೇಕು. ಕೃಷಿ, ಆರೋಗ್ಯ, ಶಿಕ್ಷಣ, ಪರಿಸರ, ಹೀಗೆ. 2023ರ ಮಾರ್ಚ್‌ನಿಂದ ಇದು ಜಾರಿಯಲ್ಲಿದೆ. ಮಧ್ಯರಾತ್ರಿಯಿಂದ ಬೆಳಿಗ್ಗೆ 6ರವರೆಗೆ ಹಾಕಿದ್ದು ಲೆಕ್ಕಕ್ಕಿಲ್ಲ ಎಂದೂ ಇದೆ. ಸಾರ್ವಜನಿಕ ಪ್ರಸಾರದ ಹೊರೆಯನ್ನು ಎಲ್ಲರ ತಲೆಗೂ ಸ್ವಲ್ಪ ಸ್ವಲ್ಪ ಹಂಚುವ ಐಡಿಯಾ. ಕಾಗದದ ಮೇಲೆ ಚೆನ್ನಾಗಿದೆ. ಆ ಅರ್ಧ ಗಂಟೆ ಯಾವ ಚಾನೆಲ್‌ನಲ್ಲಿ ಯಾವಾಗ ಬರುತ್ತದೆ ಎಂದು ಪತ್ತೆ ಹಚ್ಚಿದವರು ನನಗೂ ತಿಳಿಸಿ.

ಆ್ಯಪ್: ಮಗಳ ಪಕ್ಷ

2024ರ ನವೆಂಬರ್ 20ರಂದು ಗೋವಾದ ಚಿತ್ರೋತ್ಸವದಲ್ಲಿ ಪ್ರಸಾರ ಭಾರತಿ ವೇವ್ಸ್ ಎಂಬ ಒಟಿಟಿ ಬಿಡುಗಡೆ ಮಾಡಿತು. ದೂರದರ್ಶನದ ಹಳೆಯ ಕಾರ್ಯಕ್ರಮ, ಲೈವ್ ಚಾನೆಲ್, ರೇಡಿಯೊ, ಆಟ ಎಲ್ಲ ಒಂದೇ ಕಡೆ. ಇದಲ್ಲದೆ ನ್ಯೂಸ್ ಆನ್ ಏರ್ ಆ್ಯಪ್‌ನಲ್ಲಿ ದೇಶದ 200ಕ್ಕೂ ಹೆಚ್ಚು ಆಕಾಶವಾಣಿ ವಾಹಿನಿಗಳು ಸಿಗುತ್ತವೆ.

ಆ್ಯಪ್‌ಗೆ ನಾನು ವಿರೋಧಿ ಅಲ್ಲ. ಕೊಡಗಿನಿಂದ ಹೊರಗೆ ಹೋದವರಿಗೆ ಇದಕ್ಕಿಂತ ಒಳ್ಳೆಯದು ಇಲ್ಲ. ಮಗಳು ಬೆಂಗಳೂರಿನ ಟ್ರಾಫಿಕ್‌ನಲ್ಲಿ ಕೂತು ಮಡಿಕೇರಿ ನಿಲಯ ಹಾಕಿಕೊಂಡು, 'ಅಪ್ಪ, ಅಲ್ಲಿ ಮಳೆಯಂತೆ' ಎಂದು ನನಗೇ ಹೇಳುತ್ತಾಳೆ. ಡೇಟಾ ಲೆಕ್ಕವೂ ಹೆದರುವಂಥದ್ದಲ್ಲ. 64 ಕೆಬಿಪಿಎಸ್ ಆಡಿಯೊ ಕೇಳಿದರೆ ಗಂಟೆಗೆ ಸುಮಾರು 30 ಎಂಬಿ. ವಿಡಿಯೊ ನೋಡಿದರೆ ಅದರ ಹತ್ತಿಪ್ಪತ್ತು ಪಟ್ಟು ಹೋಗುತ್ತದೆ. ಫೈಬರ್ ಬಂದಿರುವ ಪೇಟೆ ಮನೆಗೆ, ಇನ್ವರ್ಟರ್ ಇರುವ ಹೋಂಸ್ಟೇಗೆ ಆ್ಯಪ್ ಸಾಕಾಗುತ್ತದೆ.

ಆದರೆ ಟವರ್ ಮೂರು ಗೆರೆಯಿಂದ ಒಂದಕ್ಕೆ ಇಳಿಯುವ ಊರುಗಳಲ್ಲಿ? ಸೂರ್ಲಬ್ಬಿ, ಗಾಳಿಬೀಡು, ಬಿರುನಾಣಿ ಕಡೆಯವರನ್ನು ಕೇಳಿ. ಇನ್ನೊಂದು ಮಾತೂ ಇದೆ. ರೇಡಿಯೊ ಟ್ರಾನ್ಸ್‌ಮಿಟರ್‌ಗೆ ಹತ್ತು ಜನ ಕೇಳಿದರೂ ಹತ್ತು ಲಕ್ಷ ಜನ ಕೇಳಿದರೂ ಒಂದೇ. ಟವರ್‌ಗೆ ಹಾಗಲ್ಲ. ಎಲ್ಲರಿಗೂ ಒಟ್ಟಿಗೆ ಬೇಕಾದ ಹೊತ್ತಿಗೇ ಅದು ಕಟ್ಟಿಕೊಳ್ಳುತ್ತದೆ. 2023ರ ಅಕ್ಟೋಬರ್‌ನಲ್ಲಿ ಎಲ್ಲರ ಫೋನ್ ಒಮ್ಮೆಲೇ ಕಿರುಚಿತಲ್ಲ, ಆ ವಿಪತ್ತಿನ ಎಚ್ಚರಿಕೆಯ ಪ್ರಯೋಗ, ಅದು ಈ ಕಟ್ಟಿಕೊಳ್ಳುವ ತೊಂದರೆಯಿಂದ ತಪ್ಪಿಸಿಕೊಳ್ಳುವ ವಿಧಾನ. ಒಳ್ಳೆಯದೇ. ಆದರೆ ಅದಕ್ಕೂ ಟವರ್ ಜೀವಂತ ಇರಬೇಕು.

ಬರಬಹುದಾದವು

ಡೈರೆಕ್ಟ್ ಟು ಮೊಬೈಲ್ ಎಂಬ ಮಾತು ಕೇಳಿರಬಹುದು. ಡೇಟಾ ಇಲ್ಲದೆ, ಸಿಮ್ ಇಲ್ಲದೆ, ಟ್ರಾನ್ಸ್‌ಮಿಟರ್‌ನಿಂದ ನೇರ ಫೋನ್‌ಗೆ ಟಿವಿ. ಪ್ರಸಾರ ಭಾರತಿ, ಐಐಟಿ ಕಾನ್ಪುರ, ನಮ್ಮ ಬೆಂಗಳೂರಿನ ಸಾಂಖ್ಯ ಲ್ಯಾಬ್ಸ್ ಸೇರಿ ಪ್ರಯೋಗ ಮಾಡಿವೆ. ಫೋನ್ ಒಳಗೆ ಅದಕ್ಕೆ ಬೇರೆ ಚಿಪ್ ಬೇಕು. ಆ ಚಿಪ್ ಇರುವ ಫೋನ್ ನಮ್ಮ ಪೇಟೆಯ ಅಂಗಡಿಗೆ ಬರುವವರೆಗೆ ಇದನ್ನು ನಂಬಿ ಹಳೆಯದನ್ನು ಬಿಸಾಡಬೇಡಿ. ಗುಡ್ಡದ ಮರೆಯ ತೊಂದರೆ ಇದಕ್ಕೂ ಇರುತ್ತದೆ.

ಸಮುದಾಯ ರೇಡಿಯೊ ಇನ್ನೊಂದು ದಾರಿ. 2006ರಿಂದ ಊರಿನ ಸಂಘಸಂಸ್ಥೆಗಳೂ ಲೈಸೆನ್ಸ್ ಕೇಳಬಹುದು. ಶಕ್ತಿ 100 ವ್ಯಾಟ್, ಬಯಲಿನಲ್ಲಿ ಹತ್ತು ಹದಿನೈದು ಕಿಲೋಮೀಟರ್ ಹೋಗಬಹುದು, ನಮ್ಮ ಗುಡ್ಡಗಳಲ್ಲಿ ಅಷ್ಟಿಲ್ಲ. ಜೇನುಕುರುಬರ, ಯರವರ ಮಾತಿಗೆ ಹಾಡಿಯ ಪಕ್ಕದಲ್ಲೇ ಒಂದು ಮೈಕ್ ಸಿಗುವುದಾದರೆ ಅದು ಇಲ್ಲಿಯೇ. ಸುದ್ದಿ ವಿಷಯದಲ್ಲಿ ಮಾತ್ರ ಕೈ ಕಟ್ಟಿದ್ದಾರೆ. ಸ್ವಂತ ವಾರ್ತೆ ಓದುವಂತಿಲ್ಲ, ಆಕಾಶವಾಣಿಯದ್ದನ್ನೇ ಹಾಗೇ ಹಾಕಬೇಕು. ಖಾಸಗಿ ಎಫ್‌ಎಂಗೂ ಇದೇ ಕಟ್ಟು. ಟಿವಿಯವರು ಏನು ಬೇಕಾದರೂ ಕೂಗಬಹುದು, ಊರಿನ ಪುಟ್ಟ ರೇಡಿಯೊ ಊರಿನ ಸುದ್ದಿ ಹೇಳಬಾರದು. ಇದು ಯಾವ ನ್ಯಾಯ ಎಂದು ನನಗೆ ಇವತ್ತಿಗೂ ಗೊತ್ತಾಗಿಲ್ಲ.

ದುಡ್ಡು ಯಾರದು, ಮಾತು ಯಾರದು

1995ರಲ್ಲಿ ಸುಪ್ರೀಂ ಕೋರ್ಟ್ ಪ್ರಸಾರದ ಅಲೆಗಳು ಸಾರ್ವಜನಿಕ ಆಸ್ತಿ ಎಂದಿತು. ಸರ್ಕಾರದ್ದಲ್ಲ, ಕಂಪನಿಯದ್ದೂ ಅಲ್ಲ. ಪ್ರಸಾರ ಭಾರತಿ ಕಾನೂನು ಅದಕ್ಕೂ ಮುಂಚೆ 1990ರಲ್ಲೇ ಪಾಸಾಗಿತ್ತು, ಸಂಸ್ಥೆ ಹುಟ್ಟಿದ್ದು 1997ರಲ್ಲಿ. ಹೆಸರಿಗೆ ಸ್ವತಂತ್ರ, ಖರ್ಚಿಗೆ ಕೇಂದ್ರ ಸರ್ಕಾರದ ಕೈ ನೋಡಬೇಕು. 2014ರಲ್ಲಿ ಸ್ಯಾಮ್ ಪಿತ್ರೋಡಾ ಸಮಿತಿ ಇದನ್ನೆಲ್ಲ ಸರಿ ಮಾಡುವ ದಾರಿ ಬರೆದುಕೊಟ್ಟಿತ್ತು. ಕಟ್ಟು ಮಾತ್ರ ಇನ್ನೂ ಪೂರ್ತಿ ಬಿಚ್ಚಿಲ್ಲ.

ಬೇರೆ ದೇಶಗಳಲ್ಲಿ ಬೇರೆ ಬೇರೆ ಪದ್ಧತಿ. ಬ್ರಿಟನ್ನಿನಲ್ಲಿ ಬಿಬಿಸಿಗೆಂದು ಮನೆಗೊಂದು ಲೈಸೆನ್ಸ್ ಶುಲ್ಕ, 2025ರಲ್ಲಿ ವರ್ಷಕ್ಕೆ 174.50 ಪೌಂಡ್. ಜರ್ಮನಿಯಲ್ಲಿ ಟಿವಿ ಇರಲಿ ಬಿಡಲಿ ಮನೆಗೆ ತಿಂಗಳಿಗೆ 18.36 ಯೂರೊ. ಫ್ರಾನ್ಸ್ 2022ರಲ್ಲಿ ಶುಲ್ಕ ರದ್ದು ಮಾಡಿ ತೆರಿಗೆಯಿಂದ ಕೊಡಲು ಶುರು ಮಾಡಿತು. ಅಮೆರಿಕದಲ್ಲಿ 2025ರಲ್ಲಿ ಸಂಸತ್ತು ಕೊಟ್ಟ ಅನುದಾನವನ್ನೇ ವಾಪಸ್ ಪಡೆಯಿತು. ನಮ್ಮಲ್ಲೂ ಪೋಸ್ಟಾಫೀಸಿನಲ್ಲಿ ರೇಡಿಯೊ ಲೈಸೆನ್ಸ್ ಕಟ್ಟುವ ಕಾಲ ಇತ್ತು. ಅಜ್ಜನ ಪುಟ್ಟ ಲೈಸೆನ್ಸ್ ಪುಸ್ತಕ ಅಟ್ಟದ ಪೆಟ್ಟಿಗೆಯಲ್ಲಿ ಇನ್ನೂ ಇದೆ. 1980ರ ದಶಕದಲ್ಲಿ ಅದು ಹೋಯಿತು. ಶುಲ್ಕ ಕಟ್ಟುವವನಿಗೆ ಪ್ರಶ್ನೆ ಕೇಳುವ ಹಕ್ಕು ಇರುತ್ತದೆ. ತೆರಿಗೆಯಿಂದ ಬಂದರೆ ಕೇಳುವವರು ದಿಲ್ಲಿಯವರು ಮಾತ್ರ. ನನಗೆ ಲೈಸೆನ್ಸ್ ವಾಪಸ್ ಬರಲಿ ಅನ್ನಿಸುವುದಿಲ್ಲ. ತೋಟದ ಕೆಲಸದವರ ಲೈನ್ ಮನೆಯಲ್ಲಿ ಇರುವವರು ಯಾಕೆ ಕಟ್ಟಬೇಕು? ಆದರೆ ಒಂದೇ ಸಲಕ್ಕೆ ಐದು ವರ್ಷದ ಹಣ ಖಾತ್ರಿ ಮಾಡಿ, ಆಮೇಲೆ ಸರ್ಕಾರ ದೂರ ನಿಲ್ಲಲಿ ಅನ್ನಿಸುತ್ತದೆ.

ಈಗ ಹಣ ಹೋಗುತ್ತಿರುವುದು ಎತ್ತ? 2023ರ ಜನವರಿಯಲ್ಲಿ ಕೇಂದ್ರ ಸಂಪುಟ ಆಕಾಶವಾಣಿ, ದೂರದರ್ಶನದ ಸೌಕರ್ಯ ಹೆಚ್ಚಿಸುವ ಬಿಂಡ್ ಎಂಬ ಯೋಜನೆಗೆ 2,539.61 ಕೋಟಿ ರೂಪಾಯಿ ಒಪ್ಪಿತು, 2025-26ರವರೆಗೆ. ಎಫ್‌ಎಂ ವ್ಯಾಪ್ತಿಯನ್ನು ದೇಶದ ನೆಲದ ಶೇ 59ರಿಂದ 66ಕ್ಕೆ, ಜನಸಂಖ್ಯೆಯ ಶೇ 68ರಿಂದ 80ಕ್ಕೆ ಏರಿಸುವ ಗುರಿ. ದುರ್ಗಮ, ಬುಡಕಟ್ಟು, ಗಡಿ ಪ್ರದೇಶಗಳಿಗೆ 8 ಲಕ್ಷಕ್ಕೂ ಹೆಚ್ಚು ಫ್ರೀ ಡಿಶ್ ಬಾಕ್ಸ್ ಹಂಚುವ ಮಾತೂ ಅದರಲ್ಲಿದೆ. ಹಾಗಾಗಿ ಎಫ್‌ಎಂ ಮತ್ತು ಫ್ರೀ ಡಿಶ್ ಎರಡೂ ನಾಳೆಯೇ ಮಾಯವಾಗುವ ಸರಕಲ್ಲ, ಧೈರ್ಯವಾಗಿ ದುಡ್ಡು ಹಾಕಿ. ಹಳೆಯ ಮೀಡಿಯಂ ವೇವ್ ಸೆಟ್ ಒಂದನ್ನೇ ನಂಬಿದವರು ಮಾತ್ರ ಎಫ್‌ಎಂ ಇರುವುದಕ್ಕೆ ಬದಲಾಯಿಸಿಕೊಳ್ಳಿ.

ಗುರಿಯ ಶೇಕಡಾ ಲೆಕ್ಕದಲ್ಲಿ ನನಗೆ ಒಂದು ತಕರಾರು ಇದೆ. ಅದು ಸಿಗ್ನಲ್ ಎಷ್ಟು ದೂರ ಹೋಯಿತು ಎಂದು ಅಳೆಯುತ್ತದೆ. ಆ ಸಿಗ್ನಲ್‌ನಲ್ಲಿ ಮಡಿಕೇರಿಯ ಮಾತು ಎಷ್ಟು ಗಂಟೆ, ಬೆಂಗಳೂರಿನಿಂದ, ದಿಲ್ಲಿಯಿಂದ ಬಂದಿದ್ದು ಎಷ್ಟು ಗಂಟೆ ಎಂದು ಅಳೆಯುವುದಿಲ್ಲ. ಟ್ರಾನ್ಸ್‌ಮಿಟರ್ ಉಳಿದು ಸ್ಥಳೀಯ ಕಾರ್ಯಕ್ರಮ ಕರಗಿದರೆ ನಮಗೆ ಉಳಿಯುವುದು ದೊಡ್ಡ ಲೌಡ್ ಸ್ಪೀಕರ್ ಮಾತ್ರ. 2023ರ ನವೆಂಬರ್‌ನಲ್ಲಿ ಪ್ರಸಾರ ಸೇವೆಗಳ ಕರಡು ಮಸೂದೆ ಬಂದಾಗ, 2024ರಲ್ಲಿ ಟ್ರಾಯ್ ರಾಷ್ಟ್ರೀಯ ಪ್ರಸಾರ ನೀತಿಗೆ ಅಭಿಪ್ರಾಯ ಕೇಳಿದಾಗ ಬರೆಯಬೇಕಾಗಿದ್ದ ಮಾತು ಇದು. ನಾನು ಬರೆಯಲಿಲ್ಲ, ಕೊಯ್ಲು, ಮಳೆ ಅಂತ ಕಾರಣ ಹೇಳಿಕೊಂಡೆ. ಮುಂದಿನ ಸಲ ಕೇಳಿದಾಗ ಬರೆಯುವವರು ಸ್ಥಳೀಯ ಗಂಟೆಗಳ ಲೆಕ್ಕ ಕೇಳಿ.

ಹಾಗಾದರೆ ಯಾರಿಗೆ ಯಾವುದು

ಒಬ್ಬರೇ ಇರುವ ಹಿರಿಯರ ಮನೆಗೆ ಶೆಲ್ ರೇಡಿಯೊ ಮೊದಲು, ಉಳಿದದ್ದು ನಿಧಾನಕ್ಕೆ. ಲೈನ್ ಮನೆಗೆ ಫ್ರೀ ಡಿಶ್. ಅಸ್ಸಾಂ, ಬಂಗಾಳದಿಂದ ಬಂದ ಕೆಲಸದವರಿಗೆ ಹಿಂದಿ ಚಾನೆಲ್‌ಗಳ ರಾಶಿಯೇ ಅನುಕೂಲ, ನಮಗೆ ಕೊರತೆ ಅನ್ನಿಸಿದ್ದು ಅವರಿಗೆ ಲಾಭ. ಕುಶಾಲನಗರ, ವಿರಾಜಪೇಟೆ ಪೇಟೆಯ ಒಳಗಿದ್ದರೆ ಕೇಬಲ್ ಇಲ್ಲವೇ ಆ್ಯಪ್. ಹೋಂಸ್ಟೇ ನಡೆಸುವವರು ಏನಾದರೂ ಹಾಕಿಸಿ, ಆದರೆ ಊಟದ ಕೋಣೆಯಲ್ಲಿ ಒಂದು ರೇಡಿಯೊ ಇಡಿ. ಘಾಟಿ ಬಂದ್ ಆಗಿದೆಯಾ ಎಂದು ಪ್ರವಾಸಿಗರು ಕೇಳಿದಾಗ ವಾಟ್ಸ್ಯಾಪ್‌ನಲ್ಲಿ ಬಂದ ಯಾವುದೋ ಊರಿನ ಗುಡ್ಡದ ವಿಡಿಯೊ ತೋರಿಸುವ ಪಾಡು ತಪ್ಪುತ್ತದೆ.

ತಂಗಿಗೆ ನಾನು ಹೇಳಿದ್ದು ಫ್ರೀ ಡಿಶ್ ಮತ್ತು ರೇಡಿಯೊ. ಅತ್ತೆಯ ಧಾರಾವಾಹಿಗೆ ಫೋನ್. ರೇಡಿಯೊ ಬಂದಾಯಿತು. ಅವಳ ಹೊಸ ಮನೆಯ ದೊಡ್ಡ ಹಜಾರದಲ್ಲಿ 103.1 ಸಿಗುವುದೇ ಇಲ್ಲ, ಅಡುಗೆಮನೆ ಕಿಟಕಿಯಲ್ಲಿ ಗಂಟೆ ಹೊಡೆದ ಹಾಗೆ ಸಿಗುತ್ತದೆ. ಅಲ್ಲೇ ಮೊಳೆ ಹೊಡೆದು ನೇತು ಹಾಕಿದ್ದಾಳೆ. ಡಿಶ್ ಹಾಕುವವನು ಸೋಮವಾರ ಬರುತ್ತೇನೆ ಎಂದಿದ್ದಾನೆ. ಯಾವ ಸೋಮವಾರ ಎಂದು ಹೇಳಿಲ್ಲ.